ಎತ್ತರ ಸೌಲಭ್ಯ ಶುಲ್ಕ

ಮಾರ್ಚ್ ೪

ಮಾನ್ಯ ಅಧ್ಯಕ್ಷರೇ, ಅವರ ಎಡಬಲಗಳಲ್ಲಿ ಆಸೀನರಾಗಿರುವ ಗಣ್ಯರೇ, ಗಣ್ಯರ ಹಿಂದೆ ಗೋಡೆಗೊರಗಿ ನಿಂತಿರುವ ನಗಣ್ಯರೇ, ಬಿಲ್ ಕಂಡೊಡನೆ ಬೆವರುವ ಸಮಸ್ತ ಗ್ರಾಹಕ ಮಹಾಜನಗಳೇ, ಮತ್ತು ಈ ಮಹಾಸಭೆಯ ಏಕೈಕ ಶ್ರೋತೃವಾಗಿ ನಾಲ್ಕನೇ ಮಹಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿರುವ ನನ್ನ ಅಕ್ಕನೇ,

ಗಾಬರಿಯಾಗಬೇಡ, ತಲೆ ಕೆಟ್ಟಿಲ್ಲ. ಭಾಷಣದ ತಾಲೀಮು. ಸರ್ಕಾರ ಹೊಸ ಕಾಯ್ದೆ ತರಲು ಹೊರಟಿದೆ. ಗಿರಾಕಿಗೆ ಮೊದಲು ಹೇಳಿದ ಬೆಲೆಯೇ ಕೊನೆಯ ಬೆಲೆಯಂತೆ. ಆಮೇಲೆ ಬಾಲ, ಕೊಂಬು, ಕೋರೆಹಲ್ಲು ಏನನ್ನೂ ಅಂಟಿಸುವಂತಿಲ್ಲವಂತೆ. ಅದಕ್ಕೊಂದು ಸಮಿತಿ, ಸಮಿತಿಗೊಂದು ಸಭೆ. ನಮ್ಮ ಕಂಪನಿಯಲ್ಲಿ ಎಲ್ಲರ ಮುಖ ಹರಳೆಣ್ಣೆ ಕುಡಿದಂತಾಗಿದೆ. ಸಾಹೇಬರು ಕರೆದು, "ಪದ ನಿಮ್ಮ ಕೈಲಿದೆ, ಭಾಷಣ ನೀವೇ ಬರೀರಿ" ಎಂದರು.

ನನ್ನ ಕೆಲಸ ಏನು ಎಂದು ನೀನು ಎಷ್ಟೋ ಸಲ ಕೇಳಿದ್ದೀಯ, ನಾನು ನುಣುಚಿಕೊಂಡಿದ್ದೇನೆ. ಈಗ ಹೇಳುತ್ತೇನೆ. ನಮ್ಮ ಕಂಪನಿಯ ಗಾಡಿಗಳು ಹನ್ನೊಂದು ಊರುಗಳಲ್ಲಿ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಸಾಗಿಸುತ್ತವೆ. ನಿಮ್ಮ ಊರೂ ಅದರಲ್ಲೊಂದು. ಪ್ರತಿ ಸವಾರಿ ಮುಗಿದ ಮೇಲೆ ಗಾಡಿಯವರು ಕೈಯಲ್ಲಿರುವ ಯಂತ್ರದಲ್ಲಿ ಒಂದು ಕಾರಣ ಒತ್ತಬೇಕು. ಪಟ್ಟಿಯಲ್ಲಿ ಇಲ್ಲದ್ದು ನಡೆದರೆ "ಇತರೆ" ಎಂದು ಒತ್ತಿ ತಮ್ಮ ಮಾತಿನಲ್ಲೇ ಬರೆಯಬೇಕು. ಆ "ಇತರೆ" ಚೀಟಿಗಳೆಲ್ಲ ಸೋಮವಾರ ಬೆಳಿಗ್ಗೆ ಕಟ್ಟಾಗಿ ನನ್ನ ಮೇಜಿಗೆ ಬರುತ್ತವೆ. "ನಾಯಿ ಬಿಡಲಿಲ್ಲ." "ಅಜ್ಜಿ ತಲೆ ಬಾಚ್ಕೊಂಡು ಬರ್ತೀನಿ ಅಂದ್ರು, ಇಪ್ಪತ್ತು ನಿಮಿಷ." ನಾನು ಅವಕ್ಕೆ ನಾಮಕರಣ ಮಾಡುತ್ತೇನೆ. ಅಜ್ಜಿಯ ತಲೆ ಬಾಚುವಿಕೆಗೆ "ಸಿದ್ಧತಾ ಸಮಯ" ಎಂದೆ. ಹೆಸರು ಬಿದ್ದ ಮೇಲೆ ಪಕ್ಕದ ಕೋಣೆಯವರು ಅದರ ಮುಂದೆ ಒಂದು ಅಂಕಿ ಕೂರಿಸುತ್ತಾರೆ. ಹೆಸರಿಲ್ಲದ ತೊಂದರೆಗೆ ದುಡ್ಡು ಕೇಳಲು ಯಾರಿಗೂ ಬಾಯಿ ಬರುವುದಿಲ್ಲ ನೋಡು.

ಹೋದ ವರ್ಷ "ಮೆಟ್ಟಿಲು ಜಾಸ್ತಿ, ಸೊಂಟ ಹೋಯ್ತು" ಎಂದು ನಾನೂರು ಚೀಟಿ ಬಂದವು. ಎರಡು ದಿನ ಕೂತು "ಎತ್ತರ ಸೌಲಭ್ಯ ಶುಲ್ಕ" ಎಂದು ಹೆಸರಿಟ್ಟೆ. ಕಂಪನಿ ಗೋಡೆ ಗಡಿಯಾರ ಬಹುಮಾನ ಕೊಟ್ಟಿತು. ಅದು ಐದು ನಿಮಿಷ ಹಿಂದೆ ಓಡುತ್ತದೆ.

ಈಗ ಗುಟ್ಟಿನ ಮಾತು. ಮುಂದಿನ ವಾರದಿಂದ ಭಾವನನ್ನು ಹದಿನೈದು ದಿನಕ್ಕೊಮ್ಮೆ ಹೃದಯದ ಡಾಕ್ಟರ ಬಳಿ ಕರೆದೊಯ್ಯಬೇಕು ಎಂದು ನೀನು ಬರೆದಿದ್ದೆ. ನಮ್ಮ ಗಾಡಿಯನ್ನೇ ಕರೆ. ಆದರೆ ಗಾಡಿ ಬರುವ ಹೊತ್ತಿಗೆ ರೋಗಿ ನೆಲಮಹಡಿಯಲ್ಲಿ ಕೂತಿದ್ದರೆ ಎತ್ತರದ ಶುಲ್ಕ ಬೀಳುವುದಿಲ್ಲ. ಕರೆದೊಯ್ಯಲು ಗಾಡಿಯವರು ಮೆಟ್ಟಿಲು ಹತ್ತಿದರೆ ಮಾತ್ರ; ವಾಪಸು ತಂದು ಮೇಲೆ ಮುಟ್ಟಿಸುವುದು ಮೂಲ ಬಾಡಿಗೆಯಲ್ಲೇ ಸೇರಿದೆ. ಒಳಗಿನವರಿಗೆ ಗೊತ್ತಿರುವ ಉಪಾಯ, ಒಡಹುಟ್ಟಿದವಳಿಗೆ ಮಾತ್ರ ಹೇಳುತ್ತಿದ್ದೇನೆ.

ಭಾವನಿಗೆ:
ಊರಿನ ಲಿಫ್ಟಿಗೆಲ್ಲ ಎಣ್ಣೆ ಬಿಟ್ಟ ಪುಣ್ಯಾತ್ಮ,
ಏರುವ ಮೆಟ್ಟಿಲಿಗೆ ಬೈದು ಬೆವರುವ ಬಡಪಾಯಿ ಆತ್ಮ!

ನಿನ್ನ ತಮ್ಮ


ಮಾರ್ಚ್ ೧೮

ತಮ್ಮಾ,

ನಿನ್ನ ಕಾಗದ ಬಂದದ್ದು ಗಾಡಿ ಬಂದುಹೋದ ಮಾರನೇ ದಿನ. ಫೋನಿನಲ್ಲಿ ಕೇಳಬಾರದಿತ್ತೇ ಎನ್ನಬೇಡ. ಫೋನಿನಲ್ಲಿ ನಾವಿಬ್ಬರೂ ಜಗಳವಾಡುತ್ತೇವೆ ಎಂದು ನಿನ್ನ ಭಾವ ಹಾಕಿದ ಕಟ್ಟಳೆ ಇನ್ನೂ ಜಾರಿಯಲ್ಲಿದೆ: "ಅಕ್ಕ ತಮ್ಮ ಕಾಗದ ಬರ್ಕೊಳ್ಳಿ, ನಂಗೆ ಕಿವಿಗೆ ನೆಮ್ಮದಿ."

ಗಾಡಿಯ ಕಥೆ ಕೇಳು. ಫೋನಿನಲ್ಲಿ ಹುಡುಗಿ ಆರುನೂರು ಎಂದಳು. ಆರುನೂರು ಎಣಿಸಿ ಡಬ್ಬಿಯಲ್ಲಿಟ್ಟೆ. ಇಬ್ಬರು ಬಂದರು, ಒಳ್ಳೆಯವರೇ, ಚಪ್ಪಲಿ ಹೊರಗೆ ಬಿಟ್ಟರು. ನಿನ್ನ ಭಾವನನ್ನು ಮಡಿಸುವ ಕುರ್ಚಿಯಲ್ಲಿ ಕೂರಿಸಿ ಪಟ್ಟಿ ಬಿಗಿದು ಹೊಸ್ತಿಲಿಗೆ ತಂದು, ಆಮೇಲೆ ಯಂತ್ರ ತೋರಿಸಿದರು. ಮಹಡಿಗೆ ನೂರೈವತ್ತು, ನಾಲ್ಕು ಮಹಡಿ. ಹನ್ನೆರಡು ನೂರು. "ಒಪ್ಪಿಗೆ ಒತ್ತೀಮ್ಮಾ."

"ಬೇಡ ಅಂದ್ರೆ?" ಎಂದೆ.

"ಬಿಚ್ಚಿ ಕೂರಿಸ್ತೀವಿ. ಆದ್ರೆ ಬಂದುಹೋದದ್ದಕ್ಕೆ ಬೇರೆ ಬೀಳುತ್ತಮ್ಮಾ. ನಮ್ಮ ಕೈಲೇನಿಲ್ಲ."

ಒತ್ತಿದೆ. ಈ ತಿಂಗಳು ಮಾತ್ರೆ ಅರ್ಧ ತಂದಿದ್ದೇನೆ, ಉಳಿದದ್ದು ಶಾಲಾ ಸಮವಸ್ತ್ರದ ಹೊಲಿಗೆ ದುಡ್ಡು ಬಂದ ಮೇಲೆ.

ಹೆಚ್ಚು ಎಂದು ನಾನು ದೂರುತ್ತಿಲ್ಲ. ನಾಲ್ಕು ಮಹಡಿ ಒಬ್ಬ ಮನುಷ್ಯನನ್ನು ಹೊರುವುದು ಸುಮ್ಮನೆ ಮಾತಲ್ಲ. ಆದರೆ ನಾನು ಅಳತೆ ತೆಗೆಯುವಾಗಲೇ ಹೊಲಿಗೆ ಎಷ್ಟು ಎಂದು ಹೇಳುತ್ತೇನೆ. ಗಿರಾಕಿ ಒಂದು ತೋಳು ತೂರಿಸಿದ ಮೇಲೆ, ಇನ್ನೊಂದು ತೋಳಿಗೆ ಬೇರೆ ಎನ್ನುವುದಿಲ್ಲ. ಹಾಗೆಂದರೆ ಕತ್ತರಿಯಿಂದಲೇ ಚುಚ್ಚುತ್ತಾರೆ. ಆ ಹೆಸರಿಟ್ಟವನು ನೀನು ಎಂದು ಗಾಡಿಯವರಿಗೆ ಹೇಳಲಿಲ್ಲ ಬಿಡು.

ನಿನ್ನ ಭಾವ ನಕ್ಕರು. "ಲಿಫ್ಟ್ ರಿಪೇರಿಗೆ ನಾನೂ ಮಹಡಿಗಿಷ್ಟು ಅಂತ ಇಸ್ಕೊಂಡಿದ್ರೆ ಈಗ ನಮ್ ಮನೇಗೇ ಒಂದು ಲಿಫ್ಟ್ ಇರ್ತಿತ್ತು ಕಣೇ" ಎಂದರು. ನಿನ್ನ ಉಪಾಯವನ್ನೂ ಪ್ರಾಸವನ್ನೂ ಓದಿ ಹೇಳಿದೆ. "ಪ್ರಾಸಪ್ಪ ಒಳಗಿನ ಮನುಷ್ಯ, ಅವನು ಹೇಳಿದ್ಮೇಲೆ ಮುಗೀತು. ಮುಂದಿನ ಸಲ ಇಳಿದೇಬಿಡೋಣ" ಎಂದು ಕೂತಲ್ಲೇ ಕಾಲಾಡಿಸಿದರು.

ಆದರೆ ಡಾಕ್ಟರು ಹೇಳಿದ್ದು ಬೇರೆ. ಮುಂದಿನ ಸಾಲಿಗೆ ಗೆರೆ ಎಳೆದಿದ್ದೇನೆ, ಗಮನವಿಟ್ಟು ಓದು. "ಮೆಟ್ಟಿಲ ಮಾತೇ ಬೇಡ. ಹತ್ತೋದೂ ಬೇಡ, ಇಳಿಯೋದೂ ಬೇಡ. ಎತ್ಕೊಂಡೇ ಬನ್ನಿ." ಮುಂದಿನ ಭೇಟಿ ಏಪ್ರಿಲ್ ಹತ್ತಕ್ಕೆ ಹೋಗಿದೆ. ಡಾಕ್ಟರ ಮಾತು ಹೀಗಿದೆ, ನಿನ್ನ ಮಾತು ಹಾಗಿದೆ. ಯಾವುದು ಸರಿ, ಅಷ್ಟರೊಳಗೆ ಬರೆ.

ಅಕ್ಕ


ಏಪ್ರಿಲ್ ೧

ಅಕ್ಕಾ,

ತಾರೀಖು ನೋಡಿ ತಮಾಷೆ ಎಂದುಕೊಳ್ಳಬೇಡ. ಸಭೆಯಲ್ಲಿ ಮಾತಾಡುವವನೂ ನಾನೇ ಎಂದಾಗಿದೆ! ಸಾಹೇಬರಿಗೆ ಹೊಳೆದ ಯೋಚನೆ ನೋಡು: ಕಂಪನಿಯವನು ಮಾತಾಡಿದರೆ ಯಾರೂ ನಂಬುವುದಿಲ್ಲ, ಗ್ರಾಹಕರ ಮನೆಯವರು ಮಾತಾಡಬೇಕು. "ನಿಮ್ಮ ಅಕ್ಕ ನಮ್ಮ ಗಾಡಿ ಕರೀತಾರೆ ಅಂದ್ರಲ್ಲ? ನೀವು ಗ್ರಾಹಕರ ಬಂಧು. ಅಷ್ಟು ಹೇಳಿ ಸಾಕು, ಸಂಬಳದ ಚೀಟಿ ಯಾರೂ ಕೇಳಲ್ಲ." ಸುಳ್ಳಂತೂ ಅಲ್ಲ. ನೀನು ಗ್ರಾಹಕಿ, ನಾನು ಬಂಧು. ಉಳಿದದ್ದು ಅವರು ಕೇಳಿದರೆ ತಾನೆ?

ನನ್ನ ವಾದ ಹೀಗಿದೆ. ಎಲ್ಲವನ್ನೂ ಸೇರಿಸಿ ಒಂದೇ ಬೆಲೆ ಎಂದರೆ ನೆಲಮಹಡಿಯವನು ನಾಲ್ಕನೇ ಮಹಡಿಯವನ ಮೆಟ್ಟಿಲಿಗೂ ದುಡ್ಡು ತೆರಬೇಕು. ಹತ್ತಿಸಿದವರು ಕಟ್ಟಲಿ, ಹತ್ತಿಸದವರನ್ನು ಬಿಟ್ಟುಬಿಡಲಿ. ಯಾವುದು ಬೇಕು ಯಾವುದು ಬೇಡ ಎಂದು ಆರಿಸಿಕೊಳ್ಳುವ ಹಕ್ಕು ಗಿರಾಕಿಯದು. ಚಪ್ಪಾಳೆ ಬೀಳುವ ಮಾತು, ಅಲ್ಲವೇ? ಬಾಗಿಲಲ್ಲಿ ನಿಲ್ಲಿಸಿ ಹೇಳಿದರು ಎನ್ನುತ್ತೀಯ. ಫೋನಿನ ಹುಡುಗಿ "ಆರುನೂರರಿಂದ" ಎಂದೇ ಹೇಳಿರುತ್ತಾಳೆ. ಆ ಕೊನೆಯ ತುಣುಕನ್ನು ಉಸಿರಿನಲ್ಲಿ ಹೇಳಿ ಮುಗಿಸಬೇಕು ಎಂದು ತರಬೇತಿ ಕೊಟ್ಟವನೂ ನಾನೇ, ಆದ್ದರಿಂದ ನಿನ್ನ ಕಿವಿಯನ್ನು ದೂರುವುದಿಲ್ಲ.

ಇದಕ್ಕೊಂದು ಜೀವಂತ ಉದಾಹರಣೆ ಬೇಕು. ಹತ್ತನೇ ತಾರೀಖು ಉಪಾಯ ಫಲಿಸಿದರೆ ನಿನ್ನ ಕೈಯಾರೆ ಎರಡು ಸಾಲು ಬರೆದು ಕಳಿಸು. ಸಭೆಯಲ್ಲಿ ಓದುತ್ತೇನೆ. ಸಭೆ ಇಪ್ಪತ್ತೆಂಟಕ್ಕೆ.

ನೀನು ಗೆರೆ ಎಳೆದದ್ದನ್ನು ನೋಡಿದೆ. ಡಾಕ್ಟರುಗಳು ಯಾವಾಗಲೂ ಒಂದು ಮಹಡಿ ಜಾಸ್ತಿಯೇ ಹೆದರಿಸುತ್ತಾರೆ. ಹತ್ತುವುದು ಕಷ್ಟ, ಇಳಿಯುವುದಕ್ಕೇನು? ನಿಧಾನವಾಗಿ, ಕೂತು ಕೂತು ಇಳಿಯಲಿ. ಪ್ರತಿ ಮಹಡಿಗೆ ಒಂದು ಸ್ಟೂಲು ಇಡು.

ಭಾವನಿಗೆ:
ಎದೆಯ ಮೋಟರು ಸದ್ದು ಮಾಡಿದರೆ ಸುಮ್ಮನಿರಿ ಭಾವ,
ಅದಕೆ ಗ್ಯಾರಂಟಿ ಮುಗಿದಿಲ್ಲ, ಇದೆ ಇನ್ನೂ ಜೀವ!

ನಿನ್ನ ತಮ್ಮ


ಏಪ್ರಿಲ್ ೨೨

ತಮ್ಮಾ,

ಎರಡು ಸಾಲು ಕೇಳಿದ್ದೆ. ಇಗೋ:

"ಏಪ್ರಿಲ್ ಹತ್ತರಂದು ಗಾಡಿ ಬರುವ ಹೊತ್ತಿಗೆ ನನ್ನ ಯಜಮಾನರು ತಾವೇ ನಡೆದು ಕೆಳಗೆ ಬಂದಿದ್ದರು. ಎತ್ತರ ಸೌಲಭ್ಯ ಶುಲ್ಕ ಹಾಕಲಿಲ್ಲ."

ಎರಡೂ ನಿಜ.

ಇನ್ನು ಮುಂದೆ ಗಾಡಿ ಬೇಕಾಗುವುದಿಲ್ಲ. ಹತ್ತೊಂಬತ್ತಕ್ಕೆ ಅಂಚೆಯಲ್ಲಿ ಒಂದು ಬಿಲ್ ಬಂತು. ಅದರಲ್ಲಿ "ಮರುಪಯಣ ಶುಲ್ಕ" ಎಂದಿದೆ. ಏನದು?

ಹೊಲಿಗೆ ಕಡಿಮೆ ಇದೆ. ಸ್ಟೂಲಿನ ಒಂದು ಕಾಲು ಸಡಿಲವಾಗಿದೆ.

ಅಕ್ಕ


ಏಪ್ರಿಲ್ ೩೦

ಅಕ್ಕಾ,

ಗೆದ್ದೆವು! ಅಥವಾ ಗೆಲ್ಲುವ ಹಾಗಿದೆ. ಸಭಾಂಗಣ ತುಂಬಿತ್ತು, ಮೈಕು ಕೆಮ್ಮುತ್ತಿತ್ತು, ಕುರ್ಚಿಗಳು ಕಿರುಗುಟ್ಟುತ್ತಿದ್ದವು. ನನಗಿಂತ ಮೊದಲು ಒಬ್ಬ ಬಾಡಿಗೆದಾರ ಎದ್ದು, ಮುಂಗಡ ಕಟ್ಟಿ ಸಾಮಾನು ತಂದು ಇಳಿಸಿದ ಮೇಲೆ ಕೀಲಿಕೈಗೆ ಬೇರೆ ಶುಲ್ಕ ಕೇಳಿದರು ಎಂದು ಗೋಳಾಡಿದ. "ಮತ್ತೆ ಗೋಡೆ ಹಾರಿ ಹೋಗ್ಬೇಕಿತ್ತಾ ಸಾರ್ ನಾನು?" ಎಂದ. ಎಲ್ಲರೂ ನಕ್ಕರು, ಸಮಿತಿಯವರೂ ಬರೆದುಕೊಂಡರು. ನಮ್ಮ ಸಾಹೇಬರು ಹಿಂದಿನ ಸಾಲಿನಲ್ಲಿ ಬೆವರೊರೆಸಿಕೊಂಡರು.

ಆಮೇಲೆ ನಾನು. ಗ್ರಾಹಕರ ಬಂಧು ಎಂದೆ. ಹಕ್ಕು ಎಂದೆ, ಆಯ್ಕೆ ಎಂದೆ, ಬಳಸಿದ್ದಕ್ಕೆ ಬೆಲೆ, ಬಳಸದ್ದಕ್ಕೆ ಬಿಡುಗಡೆ ಎಂದೆ. ಕೊನೆಗೆ ನಿನ್ನ ಎರಡು ಸಾಲು ಓದಿದೆ. ಅಧ್ಯಕ್ಷರು ಕನ್ನಡಕ ತೆಗೆದು ಕೇಳಿದರು, "ಈಗ ಹೇಗಿದಾರೆ ನಿಮ್ಮ ಭಾವ?"

"ಆರಾಮಾಗಿದಾರೆ" ಎಂದೆ.

ಗಾಡಿ ಬೇಕಾಗುವುದಿಲ್ಲ ಎಂದರೆ ಚೇತರಿಸಿಕೊಂಡಿದ್ದಾರೆ ಎಂದೇ ಅರ್ಥ ತಾನೆ. ಸಂತೋಷ, ಬಹಳ ಸಂತೋಷ.

ಮರುಪಯಣ ಶುಲ್ಕ ಎಂದರೆ, ಗಾಡಿ ಬಂದಾಗ ಗ್ರಾಹಕರು ಸಿದ್ಧರಿಲ್ಲದೆ ಅದು ಹಾಗೇ ವಾಪಸಾದರೆ ಹಾಕುವುದು. ಮೊದಲು "ಖಾಲಿ ಗಾಡಿ ದುಡ್ಡು" ಎನ್ನುತ್ತಿದ್ದರು. ಬಿಲ್ಲಿನಲ್ಲಿ ಖಾಲಿ ಎಂದು ಬರೆದರೆ ಓದುವವರಿಗೆ ಕಸಿವಿಸಿ ಎಂದು ನಾನು ಬದಲಾಯಿಸಿದೆ. ನಿನಗೆ ತಪ್ಪಿ ಬಿದ್ದಿರಬೇಕು. ಕಟ್ಟಬೇಡ, ನಾನು ತೆಗೆಸಿಹಾಕಿದ್ದೇನೆ. ಆ ಬಿಲ್ ಹರಿದುಹಾಕು.

ಸಮಿತಿ ಮೇ ಮೂವತ್ತೊಂದರವರೆಗೆ ಬರಹದಲ್ಲೂ ಅಭಿಪ್ರಾಯ ತೆಗೆದುಕೊಳ್ಳುತ್ತದಂತೆ. ನಿನ್ನ ಸಾಲುಗಳು ಈಗಾಗಲೇ ಕಡತ ಸೇರಿವೆ, ಮತ್ತೆ ಬರೆಯುವ ಕಷ್ಟ ಇಲ್ಲ. ಪುರುಸೊತ್ತಿಲ್ಲ, ಇಲ್ಲಿಗೆ ಮುಗಿಸುತ್ತೇನೆ.

ನಿನ್ನ ತಮ್ಮ


ಮೇ ೧೨

ತಮ್ಮಾ,

ನಿನ್ನ ಭಾವ ಏಪ್ರಿಲ್ ಹತ್ತರಂದು ತೀರಿಕೊಂಡರು. ಮೊದಲ ಸಾಲಿನಲ್ಲೇ ಹೇಳಿಬಿಡುತ್ತಿದ್ದೇನೆ. ಕೊನೆಗೆ ಇಟ್ಟುಕೊಂಡು ಹೇಳುವುದು ನಿಮ್ಮ ಕಂಪನಿಯ ಪದ್ಧತಿ.

ಗಾಡಿ ಮಧ್ಯಾಹ್ನ ಎರಡೂವರೆಗೆ ಎಂದಿದ್ದರು. ನಾವು ಎರಡಕ್ಕೇ ಹೊರಟೆವು. ಎದುರುಮನೆಯ ಮೇಷ್ಟ್ರು ಒಂದು ರಟ್ಟೆ ಹಿಡಿದರು. ನಾನು ಸ್ಟೂಲು ಹಿಡಿದು ಮುಂದೆ. ಎಪ್ಪತ್ತೆರಡು ಮೆಟ್ಟಿಲು. ನೀನು ಬರೆದ ಹಾಗೆಯೇ, ಮಹಡಿಗೊಮ್ಮೆ ಸ್ಟೂಲು ಇಟ್ಟು ಕೂರಿಸಿದೆ. ಕೂತಾಗಲೆಲ್ಲ ಅವರು ಲಿಫ್ಟಿನೊಳಗಿನ ಹೆಂಗಸಿನ ದನಿಯಲ್ಲಿ, "ಮೂರನೇ ಮಹಡಿ. ಬಾಗಿಲು ತೆರೆಯುತ್ತಿದೆ" ಎನ್ನುತ್ತಿದ್ದರು. ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ, ಸುಳ್ಳೇಕೆ.

ಎರಡನೇ ಮಹಡಿಯಲ್ಲಿ ಅವರ ಅಂಗಿ ಬೆನ್ನಿಗೆ ಅಂಟಿತ್ತು. "ಸಾಕು, ವಾಪಸ್ ಹೋಗೋಣ" ಎಂದೆ.

"ಹತ್ತೋಕಾಗಲ್ಲ ಕಣೇ ಈಗ. ಇಳಿಯೋದೊಂದೇ ಉಳಿದಿರೋದು. ಪ್ರಾಸಪ್ಪ ಹೇಳಿದಾನಲ್ಲ, ಕೂತು ಕೂತು."

ಒಂದನೇ ಮಹಡಿಯಲ್ಲಿ ಅವರು ಮಹಡಿಯ ಹೆಸರು ಹೇಳಲಿಲ್ಲ. ತುಟಿಯ ಬಣ್ಣ ಹೋಗಿತ್ತು. ಮೇಷ್ಟ್ರು ನೀರು ತರಲು ಯಾರದೋ ಬಾಗಿಲು ತಟ್ಟಿದರು. ಇವರು ಕಾಯಲಿಲ್ಲ, ಎದ್ದರು. ಕೊನೆಯ ಮೆಟ್ಟಿಲಿಗೆ ಬಂದಾಗ ಸ್ಟೂಲು ಕೇಳದೆ ಮೆಟ್ಟಿಲ ಮೇಲೆಯೇ ಕೂತರು. "ನೆಲಮಹಡಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು "ಬಾಗಿಲು" ಎಂದರು. ಅಷ್ಟೇ.

ಗಾಡಿ ಬಂದದ್ದು ಹನ್ನೊಂದು ನಿಮಿಷದ ಮೇಲೆ. ಮೊದಲ ಸಲ ಬಂದ ಚಾಲಕನೇ. ಮಡಿಸುವ ಕುರ್ಚಿ ಅವನ ಕೈಯಲ್ಲೇ ಇತ್ತು. ಅದನ್ನು ಗೋಡೆಗೆ ಒರಗಿಸಿ ನನ್ನ ಪಕ್ಕ ಕೂತ. "ನಾವು ಹತ್ತಿ ಬರ್ತಿದ್ವಲ್ಲಮ್ಮಾ" ಎಂದ. ದುಡ್ಡಿನ ಮಾತಾಡಲಿಲ್ಲ. ಯಂತ್ರ ಹಿಡಿದು ಬಹಳ ಹೊತ್ತು ನಿಂತ. ಒತ್ತುವುದಕ್ಕೆ ಅದರಲ್ಲಿ ಏನೂ ಇರಲಿಲ್ಲವಂತೆ. ಕೊನೆಗೆ ಏನೋ ಬರೆದು ಹೋದ.

ನಿನಗೆ ತಿಳಿಸಬಾರದು ಎಂದಿದ್ದೆ. ಅಕ್ಕರೆಯಿಂದ ಹೇಳಿದ ಉಪಾಯ. ಅದರಿಂದ ಹೀಗಾಯಿತು ಎಂದು ಗೊತ್ತಾದರೆ ಬದುಕಿರುವಷ್ಟು ದಿನ ತಟ್ಟೆಯ ಮುಂದೆ ಕೂತು ಊಟ ಸೇರದೆ ಏಳುತ್ತೀಯ ಎಂದು ಹೆದರಿದೆ. ಮೇಷ್ಟ್ರಿಗೂ ಅದನ್ನೇ ಹೇಳಿದೆ, ನನ್ನ ತಮ್ಮ ತಡೆದುಕೊಳ್ಳುವವನಲ್ಲ ಎಂದು. ಅದಕ್ಕೇ ಆ ಎರಡು ಸಾಲನ್ನು ಅಷ್ಟಕ್ಕೇ ಕತ್ತರಿಸಿ ಕಳಿಸಿದೆ. ಮುಚ್ಚಿಟ್ಟದ್ದು ನನ್ನ ತಪ್ಪೂ ಹೌದು. ಆದರೆ ಅದನ್ನು ಊರ ಮುಂದೆ ಓದಿ ಆರಾಮಾಗಿದ್ದಾರೆ ಎಂದೆಯಲ್ಲ, ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಮೊದಲ ದಿನ ಫೋನಿನಲ್ಲಿ ಹನ್ನೆರಡು ನೂರು ಎಂದಿದ್ದರೆ ನಾನೇನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಕೂತು ಲೆಕ್ಕ ಹಾಕುತ್ತಿದ್ದೆ. ಹೊಲಿದ ಬಟ್ಟೆ ಎರಡು ದಿನ ಮೊದಲೇ ಕೊಟ್ಟು ದುಡ್ಡು ಕೇಳುತ್ತಿದ್ದೆ. ಮೇಷ್ಟ್ರ ಬಳಿ ಸಾಲ ಕೇಳುತ್ತಿದ್ದೆ. ಆಗದಿದ್ದರೆ ಸರ್ಕಾರಿ ಆಸ್ಪತ್ರೆಯ ಗಾಡಿಗೆ ಹೆಸರು ಬರೆಸಿ ಕಾಯುತ್ತಿದ್ದೆ. ಏನೋ ಒಂದು ಮಾಡುತ್ತಿದ್ದೆ. ಗಂಡನನ್ನು ಕುರ್ಚಿಗೆ ಕಟ್ಟಿ ಹೊಸ್ತಿಲಲ್ಲಿ ನಿಲ್ಲಿಸಿ ಕೇಳಿದ ಮೇಲೆ ಮಾಡುವುದಕ್ಕೆ ಏನಿತ್ತು? ಅವತ್ತು ಆದ ಅವಮಾನಕ್ಕೇ ಮುಂದಿನ ಸಲ ಇಳಿಯುತ್ತೇನೆ ಎಂದು ಅವರು ಹಟ ಹಿಡಿದದ್ದು. ಸರ್ಕಾರ ಇದನ್ನು ನಿಲ್ಲಿಸಬೇಕೋ ಬೇಡವೋ ಎಂದು ಸಭೆ ಮಾಡಿ ಕೇಳುತ್ತಿದ್ದಾರಲ್ಲ, ಅವರು ಒಮ್ಮೆ ಆ ಹೊಸ್ತಿಲಲ್ಲಿ ಯಂತ್ರದ ಮುಂದೆ ನಿಂತು ನೋಡಲಿ.

ನನ್ನ ಎರಡು ಸಾಲು ನನಗೆ ವಾಪಸ್ ಬೇಕು. ಮೂವತ್ತೊಂದರೊಳಗೆ ಕಡತದಿಂದ ತೆಗೆಸು.

ಇನ್ನೊಂದು. ನಿನ್ನ ಹಿಂದಿನ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ಹನ್ನೆರಡು ವರ್ಷದಲ್ಲಿ ನಿನ್ನ ಭಾವನಿಗೆ ಎರಡು ಸಾಲಿನ ಪ್ರಾಸ ಇಲ್ಲದ ಕಾಗದ ಒಂದೇ ಒಂದು. ಇದೇ ಏಪ್ರಿಲ್ ಮೂವತ್ತರದ್ದು. ಚೇತರಿಸಿಕೊಂಡಿದ್ದಾರೆ ಎಂದು ಅಷ್ಟು ಸಂತೋಷಪಟ್ಟವನು ಅವರಿಗೆ ಒಂದು ಸಾಲೂ ಬರೆಯಲಿಲ್ಲ. ಯಾಕೋ?

ಅಕ್ಕ


ಮೇ ೨೭

ಅಕ್ಕಾ,

ಸಮಿತಿಗೆ ಇವತ್ತು ಕಳಿಸಿದ ಕಾಗದದ ನಕಲು ಕೆಳಗಿದೆ.

"ಮಾನ್ಯ ಅಧ್ಯಕ್ಷರೇ, ಸಮಿತಿಯ ಸದಸ್ಯರೇ,

ಏಪ್ರಿಲ್ ೨೮ರ ಸಭೆಯಲ್ಲಿ ಗ್ರಾಹಕರ ಬಂಧು ಎಂದು ಮಾತಾಡಿದವನು ನಾನು. ರೋಗಿ ಸಾಗಣೆ ಕಂಪನಿಯೊಂದರಲ್ಲಿ ಒಂಬತ್ತು ವರ್ಷದಿಂದ ಸಂಬಳ ತೆಗೆದುಕೊಳ್ಳುತ್ತಿದ್ದೇನೆ ಎಂಬುದನ್ನು ಹೇಳಲಿಲ್ಲ. ನಾನು ಸಮರ್ಥಿಸಿದ ಶುಲ್ಕಕ್ಕೆ ಹೆಸರಿಟ್ಟವನು ನಾನೇ. ಅದನ್ನು ಫೋನಿನಲ್ಲಿ ಹೇಳದೆ, ರೋಗಿಯನ್ನು ಕುರ್ಚಿಗೆ ಬಿಗಿದ ಮೇಲೆ ಹೇಳಬೇಕು ಎಂಬ ಕ್ರಮವನ್ನು ಬರೆದವನೂ ನಾನೇ. ಆ ಹೊತ್ತಿನಲ್ಲಿ ಬೇಡ ಎನ್ನುವವರು ನೂರಕ್ಕೆ ಇಬ್ಬರು ಎಂದು ನಮಗೆ ಗೊತ್ತಿತ್ತು. ನನ್ನ ಅಕ್ಕನ ಎರಡು ಸಾಲುಗಳನ್ನು ದಯವಿಟ್ಟು ಕಡತದಿಂದ ತೆಗೆಯಿರಿ. ಅವರ ಯಜಮಾನರು ಆ ಶುಲ್ಕ ತಪ್ಪಿಸಲು ಮೆಟ್ಟಿಲಿಳಿದು ಕೊನೆಯ ಮೆಟ್ಟಿಲ ಮೇಲೆ ತೀರಿಕೊಂಡರು. ಇಳಿಯುವ ಸಲಹೆ ನನ್ನದು. ಇಂಥ ಶುಲ್ಕಗಳನ್ನು ನಿಷೇಧಿಸಬೇಕು ಎಂಬುದು ನನ್ನ ಅಭಿಪ್ರಾಯ. ನನ್ನ ಅಭಿಪ್ರಾಯಕ್ಕೆ ಬೆಲೆ ಇಲ್ಲದಿದ್ದರೆ, ಚೀಟಿಗಳ ನಕಲು ಲಗತ್ತಿಸಿದ್ದೇನೆ, ಅವನ್ನು ಓದಿರಿ."

ಕೆಲಸ ಬಿಟ್ಟಿಲ್ಲ. ನಾಳೆ ನಾಡಿದ್ದರಲ್ಲಿ ಬಿಡಿಸುತ್ತಾರೆ.

ಇಷ್ಟು ಸಮಿತಿಗೆ. ನೀನು ಕೇಳಿದ ಪ್ರಶ್ನೆಗೆ ನಿನ್ನ ಕಾಗದ ಬಂದ ದಿನದಿಂದ ಉತ್ತರ ಬರೆಯುತ್ತಿದ್ದೇನೆ. ಮರೆತೆ ಎಂದು ಬರೆದೆ, ಹರಿದೆ. ಅವಸರದಲ್ಲಿದ್ದೆ ಎಂದು ಬರೆದೆ, ಅದನ್ನೂ ಹರಿದೆ.

ಏಪ್ರಿಲ್ ಹದಿನಾಲ್ಕು, ಸೋಮವಾರ. "ಇತರೆ" ಚೀಟಿಗಳ ಕಟ್ಟಿನಲ್ಲಿ ಮೇಲಿನಿಂದ ಮೂರನೆಯದು. ನಿನ್ನ ವಿಳಾಸ, ನಾಲ್ಕನೇ ಮಹಡಿ. ಚಾಲಕ ಬರೆದಿದ್ದ: "ಪೇಷಂಟ್ ಕೊನೇ ಮೆಟ್ಟಿಲ ಮೇಲೆ ಹೋಗಿಬಿಟ್ಟಿದ್ದರು. ಮನೆಯವರು ಪಕ್ಕದಲ್ಲೇ ಕೂತಿದ್ದರು. ದುಡ್ಡು ಹಾಕಬೇಡಿ."

ನನಗೆ ಗೊತ್ತಿತ್ತು ಅಕ್ಕಾ. ನಿನ್ನ ಎರಡು ಸಾಲು ಬರುವ ಮೊದಲೇ, ಸಭೆಗೆ ಮೊದಲೇ, ಆರಾಮಾಗಿದ್ದಾರೆ ಎನ್ನುವಾಗಲೂ. ನೀನು ಮುಚ್ಚಿಟ್ಟಿದ್ದೀಯ ಎಂದು ತಿಳಿದಾಗ ನನಗೆ ಹಗುರವೆನಿಸಿತು.

ಚೀಟಿಗೊಂದು ಹೆಸರು ಇಡಬೇಕಿತ್ತು. "ಗ್ರಾಹಕರು ಸಿದ್ಧರಿರಲಿಲ್ಲ" ಎಂದು ಬರೆದು, ಊಟಕ್ಕೆ ಹೋದೆ.